ಚಾಂದ್ ರಾತ್ ಹೆಂಗಸರದು, ಈದ್ಗಾ ಗಂಡಸರದು

2025ರ ರಂಜಾನ್ ಹಬ್ಬಕ್ಕೆಂದು ಶಾರ್ಜಾದಿಂದ ರಾಯಚೂರಿಗೆ ಬಂದಿದ್ದ ನನ್ನ ಹನ್ನೊಂದು ವರ್ಷದ ಮಗಳು, ಹಬ್ಬದ ಬೆಳಿಗ್ಗೆ ಮನೆಯವರೆಲ್ಲರಿಗಿಂತ ಮೊದಲೇ ಸ್ನಾನ ಮುಗಿಸಿ, ಹೊಸ ಬಟ್ಟೆ ತೊಟ್ಟು, ನಮಾಜಿಗೆ ಹಾಸುವ ತನ್ನ ಜಾನಮಾಜನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಹಬ್ಬದ ಸಾಮೂಹಿಕ ನಮಾಜ್ ನಡೆಯುವ ಬಯಲಾದ ಈದ್ಗಾಕ್ಕೆ ಹೊರಟಿದ್ದ ಅಜ್ಜನ ಪಕ್ಕಕ್ಕೆ ಹೋಗಿ ನಿಂತಳು. ದೊಡ್ಡ ಹೆಣ್ಣುಮಕ್ಕಳು ಅಲ್ಲಿಗೆ ಬರುವುದಿಲ್ಲ, ನೀನು ಮನೆಯಲ್ಲೇ ಇರು ಎಂದು ಅವಳ ಮಾಮು ಪ್ರೀತಿಯಿಂದಲೇ ಹೇಳಿದ. ಹಾಗಾದರೆ ನಮ್ಮ ನಮಾಜ್ ಎಲ್ಲಿ ಎಂದು ಅವಳು ಕೇಳಿದಳು. ಅವಳ ದನಿಯಲ್ಲಿ ತಕರಾರು ಇರಲಿಲ್ಲ. ಹೆಂಗಸರಿಗೆ ಬೇರೆ ಜಾಗವಿದೆ, ಅದರ ದಾರಿ ತನಗೆ ಗೊತ್ತಿಲ್ಲ ಎಂದಷ್ಟೇ ಅವಳು ತಿಳಿದಿದ್ದಳು. ಜಮಾತಿಗೆ, ಎಂದರೆ ಎಲ್ಲರೂ ಸಾಲಾಗಿ ನಿಂತು ಮಾಡುವ ನಮಾಜಿಗೆ, ಹೊತ್ತಾಗಿತ್ತು, ಗಂಡಸರು ಹೊರಟುಹೋದರು. ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಉಳಿಯಿತು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಹುಡುಗಿ ಬುದ್ಧಿ ಬಂದಾಗಿನಿಂದ ಈದ್ ನಮಾಜನ್ನು ಶಾರ್ಜಾದ ಬಯಲಿನಲ್ಲಿ ನನ್ನ ಮಗ್ಗುಲಲ್ಲಿ ನಿಂತು ಮಾಡಿದವಳು. ನಾನಾದರೋ ರಾಯಚೂರಿನ ಅಂದ್ರೂನ್ ಕಿಲ್ಲಾದಲ್ಲಿ, ಮನೆಯೊಳಗೆ ದಖನಿ, ಬೀದಿಯಲ್ಲೂ ಶಾಲೆಯಲ್ಲೂ ಕನ್ನಡ ಆಡುತ್ತ ಬೆಳೆದವಳು. ಮದುವೆಯಾಗಿ ಊರು ಬಿಡುವ ತನಕ ಈದ್ ನಮಾಜ್ ಹೇಗೆ ನಡೆಯುತ್ತದೆಂದು ಕಣ್ಣಾರೆ ಕಂಡಿರಲಿಲ್ಲ. ತೀರ ಚಿಕ್ಕವಳಿದ್ದಾಗ ಅಬ್ಬಾನ ಹೆಗಲ ಮೇಲೆ ಕುಳಿತು ಈದ್ಗಾಕ್ಕೆ ಹೋಗಿದ್ದೆನಂತೆ, ಆದರೆ ನೆನಪು ನಿಲ್ಲುವ ವಯಸ್ಸು ಬರುವಷ್ಟರಲ್ಲಿ ಆ ಹೆಗಲು ತಮ್ಮನಿಗೆ ಹೋಗಿತ್ತು. ಅದರಲ್ಲಿ ಕೊರತೆಯಿದೆಯೆಂದು ನಮಗೆ ಯಾರಿಗೂ ಅನ್ನಿಸುತ್ತಿರಲಿಲ್ಲ. ನಮ್ಮ ಹಬ್ಬ ಹಿಂದಿನ ರಾತ್ರಿಯದು, ಚಂದ್ರ ಕಂಡ ಚಾಂದ್ ರಾತ್‌ನದು, ಗಂಡಸರ ಹಬ್ಬ ಬೆಳಗಿನದು ಎಂಬ ಹಂಚಿಕೆಯನ್ನು ನಾವು ಮನೆಯ ಗೋಡೆಗಳಷ್ಟೇ ಸಹಜವೆಂದು ಒಪ್ಪಿಕೊಂಡಿದ್ದೆವು.

ಆ ರಾತ್ರಿಯ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅದು ನಿಜಕ್ಕೂ ಚೆಲುವಾದದ್ದು. ಆ ವರ್ಷವಂತೂ ಅದಕ್ಕೆ ಇನ್ನೊಂದು ವಿಶೇಷ ಕೂಡಿಬಂದಿತ್ತು. ಮಾರ್ಚ್ 30ರ ಭಾನುವಾರ ಯುಗಾದಿ; ನಮ್ಮ ಊರಿನ ಲೆಕ್ಕದಲ್ಲಿ ಅಂದೇ ಇಪ್ಪತ್ತೊಂಬತ್ತನೆಯ ರೋಜಾ. ಕೊಲ್ಲಿಯ ಹೆಚ್ಚಿನ ದೇಶಗಳಲ್ಲಿ ಹಿಂದಿನ ಸಂಜೆಯೇ ಚಂದ್ರ ಕಂಡನೆಂದು ಘೋಷಣೆಯಾಗಿ ಭಾನುವಾರ ಬೆಳಿಗ್ಗೆ ಹಬ್ಬ ನಡೆದಿತ್ತು. ಹೀಗಾಗಿ ಕೆಲಸದ ಕಾರಣಕ್ಕೆ ಶಾರ್ಜಾದಲ್ಲೇ ಉಳಿದಿದ್ದ ನಮ್ಮ ಮನೆಯವರು ನಮಾಜ್ ಮುಗಿಸಿ ಫೋಟೋ ಕಳಿಸುವ ಹೊತ್ತಿನಲ್ಲಿ ನಾವು ರೋಜಾದಲ್ಲಿದ್ದೆವು, ಪಕ್ಕದ ಮನೆಯ ಬಾಗಿಲಿಗೆ ಮಾವಿನ ತೋರಣ ಏರುತ್ತಿತ್ತು. ಮಧ್ಯಾಹ್ನ ಆ ಮನೆಯ ಅವ್ವ ಒಂದು ಡಬ್ಬಿಯಲ್ಲಿ ಹೋಳಿಗೆ, ಒಂದು ತಂಬಿಗೆಯಲ್ಲಿ ಬೇವು ಕಳಿಸಿ, ಹೊತ್ತು ಮುಳುಗಿದ ಮೇಲೆ ತಿನ್ನಿರೆಂದು ಹೇಳಿಸಿದ್ದರು. ಅಂದು ನಾವು ಖರ್ಜೂರದ ಜೊತೆಗೆ ಹೋಳಿಗೆ ಮುರಿದು ರೋಜಾ ಬಿಟ್ಟೆವು. ಸಂಜೆಯ ಮಗ್ರಿಬ್ ನಮಾಜ್ ಮುಗಿಸಿ ಮಾಳಿಗೆ ಹತ್ತಿದರೆ ಅವರ ಮಾಳಿಗೆಯ ಮೇಲೂ ಜನ. ಯುಗಾದಿಯ ಚಂದ್ರನಿಗಾಗಿ ಅವರು, ರಂಜಾನ್ ಮುಗಿದು ಬರುವ ಶವ್ವಾಲ್ ತಿಂಗಳ ಚಂದ್ರನಿಗಾಗಿ ನಾವು, ಎಲ್ಲರೂ ಪಡುವಣಕ್ಕೆ ಮುಖ ಮಾಡಿ ನಿಂತಿದ್ದೆವು. ಮೊದಲು ಕಂಡದ್ದು ಆ ಅವ್ವನಿಗೇ. "ಅಲ್ಲಿ ನೋಡ್ರಿ, ಗಿಡದ ತುದಿಗೆ, ಎಳಿ ಹಂಗ ಐತಿ" ಎಂದು ಅವರು ಕೈ ತೋರಿಸಿದರು. ನಮ್ಮ ಅಮ್ಮಿ ನಿಂತಲ್ಲೇ ಎರಡೂ ಕೈ ಎತ್ತಿ ದುವಾ ಮಾಡಿದರು, ಅವರು ಅಲ್ಲಿಂದಲೇ ಕೈಮುಗಿದರು.

ಕಣ್ಣಿಗೆ ಕಂಡ ಮೇಲೂ ನಮ್ಮ ಹಿರಿಯರು ಹೈದರಾಬಾದಿನಿಂದ ಸುದ್ದಿ ಬಂತೇ ಎಂದು ಒಮ್ಮೆ ಕೇಳದೆ ಇರುವುದಿಲ್ಲ. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ ನಮ್ಮದು, ಆ ರೂಢಿ ಇನ್ನೂ ಹೋಗಿಲ್ಲ. ಮಸೀದಿಯ ಮೈಕಿನಲ್ಲಿ ನಾಳೆ ಈದ್ ಎಂದು ಸಾರಿದ ಕೂಡಲೇ ಓಣಿಗಳಿಗೆ ಜೀವ ಬರುತ್ತದೆ. ಕೊನೆಯ ಹತ್ತು ದಿನ ಮಸೀದಿಯಲ್ಲೇ ಉಳಿದು ಪ್ರಾರ್ಥನೆಯ ಏತಿಕಾಫ್ ಕುಳಿತವರಿಗೆ ಹೂವಿನ ಹಾರ ಹಾಕಿ ಮನೆಗೆ ಕರೆತರುತ್ತಾರೆ. ತೀನ್ ಕಂದೀಲಿನ ಸುತ್ತಲಿನ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟೇಲರನ ಅಂಗಡಿಯ ಮುಂದೆ ಗುಂಡಿ ಹಚ್ಚದ ಕುರ್ತಾಗಳಿಗಾಗಿ ಕಾದು ನಿಂತ ಹುಡುಗರು, ಕ್ಷೌರದಂಗಡಿಯ ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕುಳಿತ ಗಂಡಸರು, ಶಾವಿಗೆಯ ರಾಶಿ, ಅತ್ತರಿನ ಶೀಶೆ, ಟೋಪಿ, ಸುರ್ಮಾ. ಬಳೆ ಅಂಗಡಿಯ ಇಕ್ಕಟ್ಟಿನಲ್ಲಿ ಮಾತ್ರ ಎಲ್ಲರೂ ಹೆಂಗಸರೇ. ರಾತ್ರಿ ಹನ್ನೆರಡಕ್ಕೂ, ಒಂದಕ್ಕೂ, ಅಜ್ಜಿಯಿಂದ ಹಿಡಿದು ಮೊಮ್ಮಗಳ ತನಕ, ಬುರ್ಖಾದ ತೋಳು ಮೇಲೇರಿಸಿ ಬಳೆಗಾರನ ಮುಂದೆ ಕೈ ಚಾಚಿ ಕುಳಿತಿರುತ್ತಾರೆ. ಈ ಇಕ್ಕಟ್ಟಿನ ಮಾತಿಗೆ ನಾನು ಮತ್ತೆ ಬರುತ್ತೇನೆ.

ಬಜಾರಿಗೆ ಹೋಗುವುದು ಎಳೆಯರ ಭಾಗ್ಯ. ಮನೆ ನಡೆಸುವ ಹೆಂಗಸಿನ ಚಾಂದ್ ರಾತ್ ಅಡುಗೆಮನೆಯಲ್ಲಿ ಕಳೆಯುತ್ತದೆ. ಸುರ್‌ಕುಂಬಾ ಎಂಬ ಹಬ್ಬದ ಶಾವಿಗೆ ಪಾಯಸ ಮಾಡುವುದು ಹೇಳಿದಷ್ಟು ಸುಲಭವಲ್ಲ. ಉತ್ತತ್ತಿಯನ್ನು ಸಂಜೆಯೇ ನೆನೆಹಾಕಿ, ಬೀಜ ತೆಗೆದು, ಅಡಕೊತ್ತಿನಲ್ಲಿ ಹಿಡಿದು ಸಣ್ಣಗೆ ಉದ್ದುದ್ದ ಕತ್ತರಿಸಬೇಕು. ಬಾದಾಮಿಯನ್ನು ಬಿಸಿನೀರಿನಲ್ಲಿ ಹಾಕಿ ಸಿಪ್ಪೆ ಜಾರಿಸಿ ಸೀಳಬೇಕು. ಗೋಡಂಬಿ, ಚಾರೋಳಿ, ದ್ರಾಕ್ಷಿಗಳನ್ನು ಬೇರೆ ಬೇರೆಯಾಗಿ ತುಪ್ಪದಲ್ಲಿ ಹುರಿಯಬೇಕು, ಶಾವಿಗೆಯನ್ನು ಕಡೆಗೆ, ಕೆಂಪಗಾದ ಕ್ಷಣಕ್ಕೆ ಇಳಿಸಬೇಕು. ಹಾಲು ತಳ ಹಿಡಿಯದಂತೆ ಯಾರಾದರೂ ಒಬ್ಬರು ಕೈಯಾಡಿಸುತ್ತಲೇ ಇರಬೇಕು. ನಮ್ಮ ಮನೆಯಲ್ಲಿ ಅಮ್ಮಿ, ಫೂಫು (ಸೋದರತ್ತೆ), ಚಿಕ್ಕಮ್ಮಂದಿರು ಅಂಗಳದಲ್ಲಿ ಚಾಪೆ ಹಾಸಿ, ನಡುವೆ ದೊಡ್ಡ ತಾಟು ಇಟ್ಟುಕೊಂಡು ಇದನ್ನು ಮಾಡುತ್ತಿದ್ದರು. ಒಂದು ಕಡೆ ಬಿರಿಯಾನಿಯ ಮಾಂಸಕ್ಕೆ ಮೊಸರು ಹಚ್ಚಿಡುವುದು, ಇನ್ನೊಂದು ಕಡೆ ಗಂಡಸರ ಬಟ್ಟೆಗೆ ಇಸ್ತ್ರಿ. ಇದೆಲ್ಲ ಮುಗಿದ ಮೇಲೆ, ಕೈ ನೀರಿಗೆ ತಾಕುವ ಕೆಲಸ ಇನ್ನಿಲ್ಲವೆಂದು ಖಾತ್ರಿಯಾದ ಮೇಲೆ, ಮೆಹಂದಿ. ನನ್ನ ಕೈಗೆ ಅಮ್ಮಿ ಸಂಜೆಯೇ ಮೆಹಂದಿ ಹಚ್ಚುತ್ತಿದ್ದರು, ಬೆಳಿಗ್ಗೆ ಅದು ಕಡುಗೆಂಪಾಗಿರುತ್ತಿತ್ತು. ಅಮ್ಮಿ ತಾವು ಹಚ್ಚಿಕೊಳ್ಳುವಾಗ ಎರಡು ಗಂಟೆ ಆಗಿರುತ್ತಿತ್ತು. ನಾಲ್ಕಕ್ಕೆ ಎದ್ದು ಹಾಲು ಕಾಯಿಸಲು ತೊಳೆದುಬಿಡುತ್ತಿದ್ದರು. ಅವರ ಅಂಗೈಯಲ್ಲಿ ಹಬ್ಬದ ಬಣ್ಣ ತಿಳಿಗಿತ್ತಳೆಯನ್ನು ದಾಟಿದ್ದನ್ನು ನಾನು ನೋಡಿಲ್ಲ.

ಬೆಳಿಗ್ಗೆ ಫಜರ್ ನಮಾಜ್ ಆದ ಮೇಲೆ ಮನೆ ಗಂಡಸರದು. ಬಿಸಿನೀರು ಅವರಿಗೆ ಮೊದಲು, ಅತ್ತರು ಅವರಿಗೆ ಮೊದಲು, ಹೊರಡುವ ಮುನ್ನ ಬೆಸಸಂಖ್ಯೆಯ ಖರ್ಜೂರ ಅವರ ಕೈಗೆ. ಒಂದು ದಾರಿಯಲ್ಲಿ ಈದ್ಗಾಕ್ಕೆ ಹೋಗಿ ಇನ್ನೊಂದು ದಾರಿಯಲ್ಲಿ ಬರುವುದು ಸುನ್ನತ್, ಪ್ರವಾದಿಗಳ ರೂಢಿ, ಆದ್ದರಿಂದ ಊರಿನ ಎರಡು ಬೀದಿಗಳಾದರೂ ಅವರ ಬಿಳಿ ಬಟ್ಟೆಗಳಿಂದ ತುಂಬುತ್ತವೆ. ಜಮಾತಿನ ಹೊತ್ತಿಗೆ ಹೆಂಗಸರು ಮನೆಯಲ್ಲಿ ಬೆವರಿದ ಬಟ್ಟೆ ಬದಲಿಸಿ, ಎರಡು ರಕಾತಿನ, ಎಂದರೆ ಎರಡು ಸುತ್ತಿನ, ಐಚ್ಛಿಕ ನಫಿಲ್ ನಮಾಜ್ ಓದಿ, ಬಟ್ಟಲುಗಳನ್ನು ಜೋಡಿಸುತ್ತಾರೆ. ಒಂದು ತಿಂಗಳ ಉಪವಾಸ ಮುಗಿದದ್ದಕ್ಕೆ ಊರಿನ ಮುಸಲ್ಮಾನರೆಲ್ಲ ಸೇರಿ ದೇವರಿಗೆ ಶುಕ್ರ್ ಹೇಳುವ ಆ ಹೊತ್ತಿನಲ್ಲಿ, ಗಂಡಸರ ಹಾಗೆಯೇ ರೋಜಾ ಇದ್ದ ಹೆಂಗಸರು, ರೋಜಾದ ನಡುವೆಯೇ ಮೂರು ಹೊತ್ತಿನ ಅಡುಗೆಯನ್ನೂ ಮಾಡಿದವರು, ಅಲ್ಲಿ ಇರುವುದಿಲ್ಲ.

ಶಾರ್ಜಾಕ್ಕೆ ಹೋದ ಮೊದಲ ವರ್ಷದ ಹಬ್ಬದ ಹಿಂದಿನ ರಾತ್ರಿ ನನಗೆ ಅಳು ಬಂದಿತ್ತು. ಬಜಾರಿನ ಸದ್ದಿಲ್ಲ, ಅಡಕೊತ್ತಿಲ್ಲ, ಮಾತಿಗೆ ಜನವಿಲ್ಲ. ಟಿವಿಯಲ್ಲಿ ಚಂದ್ರದರ್ಶನದ ಪ್ರಕಟಣೆ ಓದಿದರು, ಹಬ್ಬ ಖಚಿತವಾಯಿತು, ಕೆಳಗಿನ ರಸ್ತೆಯಲ್ಲಿ ಕಾರುಗಳು ಎಂದಿನಂತೆ ಓಡಾಡುತ್ತಿದ್ದವು. ಅಷ್ಟರಲ್ಲಿ ಅದೇ ಕಟ್ಟಡದ ಮಲಯಾಳಿ ಹೆಣ್ಣುಮಗಳೊಬ್ಬಳು ಬಾಗಿಲು ತಟ್ಟಿ, ಬೆಳಿಗ್ಗೆ ಐದೂವರೆಗೆ ಕೆಳಗೆ ಬಾ, ಒಟ್ಟಿಗೆ ನಮಾಜಿಗೆ ಹೋಗೋಣ ಎಂದಳು. ನಾನು ಬರಬಹುದೇ ಎಂದು ಕೇಳಿದೆ. ಆ ಪ್ರಶ್ನೆ ಅವಳಿಗೆ ಅರ್ಥವಾಗಲಿಲ್ಲ. ಅವರ ಊರಿನಲ್ಲಿ ಅವಳ ಅಜ್ಜಿಯೂ ಈದ್ಗಾಕ್ಕೆ ಹೋಗುತ್ತಿದ್ದರಂತೆ.

ಆ ಬೆಳಗನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಊರಿನವರು ಇಂಥದ್ದು ಎಂದರೆ ಏನೋ ಗೊಂದಲ, ಬೆರಕೆ ಎಂದು ಊಹಿಸಿಕೊಳ್ಳುತ್ತಾರೆ. ಊರಂಚಿನ ತೆರೆದ ಬಯಲಿನಲ್ಲಿ ಮುಸಲ್ಲಾ, ಅಲ್ಲಿನ ಈದ್ಗಾ. ನೆಲಕ್ಕೆ ಉದ್ದುದ್ದ ಜಮಖಾನೆ. ಮುಂದೆ ಗಂಡಸರ ಸಾಲುಗಳು, ಹಿಂದೆ ಸಾಕಷ್ಟು ಜಾಗ ಬಿಟ್ಟು ಬಟ್ಟೆಯ ಮರೆ, ಅದರ ಹಿಂದೆ ಹೆಂಗಸರ ಸಾಲುಗಳು. ಹೆಂಗಸರು ಬರುವ ದಾರಿ ಬೇರೆ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂವಿನ ಜಾಗ ಬೇರೆ. ನಸುಕಿನಿಂದಲೇ ಧ್ವನಿವರ್ಧಕದಲ್ಲಿ ಹಲವು ದನಿಗಳು ಒಟ್ಟಾಗಿ ‘ಅಲ್ಲಾಹು ಅಕ್ಬರ್’ ಎಂಬ ತಕ್ಬೀರ್ ಹೇಳುತ್ತಿದ್ದವು. ನಮ್ಮಲ್ಲಿ ಈ ಹಬ್ಬದ ತಕ್ಬೀರನ್ನು ದಾರಿಯುದ್ದಕ್ಕೂ ಮೆಲುದನಿಯಲ್ಲಿ ಹೇಳುವ ಪದ್ಧತಿಯಾದ್ದರಿಂದ ಅಷ್ಟು ಗಟ್ಟಿಯಾಗಿ ನಾನು ಅದನ್ನು ಕೇಳಿರಲೇ ಇಲ್ಲ. ಬಣ್ಣದ ತೋಬ್ ಸುತ್ತಿಕೊಂಡ ಸೂಡಾನಿನ ಹೆಂಗಸರು, ಮಡಚುವ ಕುರ್ಚಿಯ ಮೇಲೆ ಕುಳಿತ ಈಜಿಪ್ಟಿನ ಅಜ್ಜಿ, ಕೈತುಂಬ ಬಳೆ ತೊಟ್ಟ ಲಾಹೋರಿನ ಹುಡುಗಿಯರು, ಸಾಲಿನ ತುದಿಯಲ್ಲಿ ಕೂಸುಗಳ ತಳ್ಳುಗಾಡಿಗಳು. ಆ ದಿನ ನಮಾಜ್ ಮಾಡುವಂತಿಲ್ಲದ ಹೆಂಗಸರೂ ಬಂದಿದ್ದರು; ಅವರು ಸಾಲಿಗೆ ಸೇರದೆ ಒಂದು ಪಕ್ಕಕ್ಕೆ ಕುಳಿತು ಇಮಾಮರ ಪ್ರವಚನವಾದ ಖುತ್ಬಾ ಕೇಳಿದರು, ಎಲ್ಲರೊಂದಿಗೆ ದುವಾಕ್ಕೆ ಕೈ ಎತ್ತಿದರು. ನಾನು ಜಾನಮಾಜ್ ಒಯ್ದಿರಲಿಲ್ಲ, ಜಮಖಾನೆ ನನ್ನ ತನಕ ಬಂದು ಮುಗಿದಿತ್ತು. ಪಕ್ಕದಲ್ಲಿದ್ದ ಸೂಡಾನಿನಾಕೆ ಒಂದು ಮಾತೂ ಆಡದೆ ತನ್ನದನ್ನು ಅಡ್ಡಲಾಗಿ ತಿರುಗಿಸಿ ಅರ್ಧ ನನ್ನ ಮುಂದೆ ಹಾಸಿದಳು.

ನಾವು ಅನುಸರಿಸುವ ಹನಫಿ ಶಾಸ್ತ್ರಪಂಥದ ಪದ್ಧತಿಯಲ್ಲಿ ಈದ್ ನಮಾಜಿಗೆ ಆರು ಹೆಚ್ಚುವರಿ ತಕ್ಬೀರ್, ಒಂದೊಂದು ರಕಾತಿಗೆ ಮೂರು. ಅಲ್ಲಿ ಮೊದಲ ರಕಾತಿನಲ್ಲಿ ಏಳು, ಎರಡನೆಯದರಲ್ಲಿ ಐದು. ಇಮಾಮರ ದನಿ ಏಳುತ್ತಿದ್ದಂತೆ ಆ ಬಯಲಿನ ಹೆಂಗಸರ ಕೈಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಓದುತ್ತಿದ್ದ ಅರಬಿಯಲ್ಲಿ ಎಷ್ಟೋ ನನಗೆ ತಿಳಿಯುತ್ತಿರಲಿಲ್ಲ. ಆದರೂ ನಾನು ಒಂದು ಉಮ್ಮತ್ತಿನವಳು, ಮುಸಲ್ಮಾನರೆಲ್ಲರ ಒಂದು ಸಮುದಾಯದವಳು, ಎಂಬುದು ಅಂದು ನನ್ನ ಮೈಗೆ ಗೊತ್ತಾಯಿತು. ಅದಕ್ಕೆ ಮೊದಲು ಅದು ಓದಿ ತಿಳಿದ ಸಂಗತಿಯಾಗಿತ್ತು. ಸಲಾಮ್ ತಿರುಗಿದ ಮೇಲೆ ಗುರುತು ಪರಿಚಯವಿಲ್ಲದ ಹೆಂಗಸರು ಬಂದು ಅಪ್ಪಿಕೊಂಡರು. ಗೊಂದಲವಿರಲಿಲ್ಲ, ನೂಕಾಟವಿರಲಿಲ್ಲ. ಏಳು ಗಂಟೆಗೆಲ್ಲ ಬಯಲು ಖಾಲಿ.

ಈ ಏರ್ಪಾಡು ಅರಬರ ಸಿರಿವಂತಿಕೆಯಿಂದ ಹುಟ್ಟಿದ್ದಲ್ಲ, ಹೊಸಕಾಲದ ಫ್ಯಾಷನ್ನೂ ಅಲ್ಲ. ಉಮ್ಮು ಅತಿಯ್ಯಾ ಎಂಬ ಸಹಾಬಿಯಾ (ಪ್ರವಾದಿಗಳ ಒಡನಾಡಿ ಹೆಂಗಸು) ಹೇಳಿದ ಹದೀಸ್ ಪ್ರವಾದಿಗಳ ನಡೆನುಡಿಯ ಸಂಗ್ರಹಗಳಾದ ಬುಖಾರಿಯಲ್ಲೂ ಇದೆ, ಮುಸ್ಲಿಮ್‌ನಲ್ಲೂ ಇದೆ. ಎರಡೂ ಈದ್‌ಗಳಿಗೆ ಮನೆಯ ಎಳೆಯ ಹೆಣ್ಣುಮಕ್ಕಳನ್ನೂ ಪರದೆಯಲ್ಲಿರುವವರನ್ನೂ ಮುಟ್ಟಿನಲ್ಲಿರುವವರನ್ನೂ ಹೊರಗೆ ಕರೆತರುವಂತೆ ಪ್ರವಾದಿಗಳು ತಮಗೆ ಆಜ್ಞೆ ಮಾಡಿದ್ದರೆಂದು, ಮುಟ್ಟಿನಲ್ಲಿರುವವರು ನಮಾಜಿನ ಜಾಗದಿಂದ ಸರಿದಿದ್ದು ಒಳಿತಿನಲ್ಲಿಯೂ ದುವಾದಲ್ಲಿಯೂ ಭಾಗಿಯಾಗಬೇಕೆಂದು ಆಕೆ ಹೇಳುತ್ತಾರೆ. ಒಬ್ಬಳಿಗೆ ಹೊದೆಯಲು ಜಿಲ್ಬಾಬ್ ಇಲ್ಲದಿದ್ದರೆ ಏನು ಮಾಡಬೇಕೆಂದು ಕೇಳಿದಾಗ, ಅವಳ ಜೊತೆಯವಳು ತನ್ನದನ್ನೇ ಹೊದಿಸಲಿ ಎಂಬ ಉತ್ತರ ಬಂತು. ಬಟ್ಟೆಯಿಲ್ಲ ಎಂಬ ಕಾರಣವನ್ನೂ ಅವರು ಒಪ್ಪಲಿಲ್ಲ. ನಂತರದ ಕಾಲದ ಹನಫಿ ಫಕೀಹರು, ಎಂದರೆ ಧರ್ಮಶಾಸ್ತ್ರಜ್ಞರು, ದಿನಮಾನ ಕೆಟ್ಟಿತು, ಫಿತ್ನಾದ (ಅನಾಚಾರಕ್ಕೆ ಎಡೆಯಾಗುವ) ಭಯವಿದೆ ಎಂದು ಹೆಂಗಸರು ಜಮಾತಿಗೆ ಬರುವುದನ್ನು ಬೇಡವೆಂದರು. ಹೆಂಗಸಿನ ಮೇಲೆ ಈದ್ ನಮಾಜ್ ವಾಜಿಬ್, ಎಂದರೆ ಕಡ್ಡಾಯ, ಅಲ್ಲವೆಂದೂ ಅವರು ಹೇಳುತ್ತಾರೆ, ಅದು ನನಗೆ ಗೊತ್ತಿದೆ. ವಾಜಿಬ್ ಅಲ್ಲದ್ದಕ್ಕೆ ಬಾಗಿಲು ಮುಚ್ಚಬೇಕಾಗಿಲ್ಲ.

ಈಗ ಬಳೆ ಅಂಗಡಿಗೆ ಬರುತ್ತೇನೆ. ಫಿತ್ನಾದ ಭಯ ನಿಜವಾಗಿದ್ದರೆ ಅದು ಎಲ್ಲಿ ಹೆಚ್ಚು? ಚಾಂದ್ ರಾತ್‌ನ ನಡುರಾತ್ರಿ, ಹೆಜ್ಜೆಗೆ ಹೆಜ್ಜೆ ತಾಕುವ ಬಜಾರಿನಲ್ಲಿ, ನಮ್ಮ ಹೆಣ್ಣುಮಕ್ಕಳು ಪರಗಂಡಸಿನ ಮುಂದೆ ಕೈ ಚಾಚಿ ಬಳೆ ಇಡಿಸಿಕೊಳ್ಳುವುದನ್ನು ಯಾವ ಕಮಿಟಿಯೂ ಇದುವರೆಗೆ ತಡೆದದ್ದಿಲ್ಲ, ತಡೆಯಬೇಕೆಂದು ನಾನೂ ಹೇಳುವುದಿಲ್ಲ. ಅದಾದ ಎಂಟು ತಾಸಿಗೆ, ಹಾಡುಹಗಲಿನಲ್ಲಿ, ಇಮಾಮರ ಹಿಂದೆ, ಪೊಲೀಸ್ ಬಂದೋಬಸ್ತಿನ ನಡುವೆ, ತಲೆಮುಚ್ಚಿ ದೇವರ ಮುಂದೆ ನಿಲ್ಲಲು ಅದೇ ಹೆಣ್ಣುಮಗಳು ಬಂದರೆ ಭಯ ಹುಟ್ಟುತ್ತದೆ ಎಂಬ ಮಾತನ್ನು ನನ್ನಿಂದ ಒಪ್ಪಲಾಗುವುದಿಲ್ಲ. ನಮ್ಮದೇ ಜಿಲ್ಲೆಯ ಮುದಗಲ್ಲಿನ ಮೊಹರಂಗೆ ಹೋದವರಿಗೆ ಗೊತ್ತು, ಅಲ್ಲಿ ರಾತ್ರಿಯಿಡೀ ಹಿಂದೂ ಮುಸ್ಲಿಂ ಎನ್ನದೆ ಹೆಂಗಸರು ಮಕ್ಕಳನ್ನೆತ್ತಿಕೊಂಡು ನಿಂತಿರುತ್ತಾರೆ. ನಮ್ಮ ಫೂಫು ಹಜ್‌ಗೆ ಹೋಗಿ ಬಂದವರು. ಮಕ್ಕಾದ ಹರಮ್‌ನಲ್ಲಿ ಲಕ್ಷಗಟ್ಟಲೆ ಜನರ ನಡುವೆ ಐದು ಹೊತ್ತೂ ಜಮಾತಿನಲ್ಲಿ ನಿಂತು ಬಂದ ಆ ಹಜ್ಜಮ್ಮನಿಗೆ, ಹುಟ್ಟಿದ ಊರಿನ ಈದ್ಗಾದ ಒಳಗೋಡೆ ಯಾವ ಬಣ್ಣದ್ದೆಂದು ಗೊತ್ತಿಲ್ಲ. ಹಬ್ಬಕ್ಕೆ ಬಡವರಿಗೆ ಕೊಡುವ ದಾನವಾದ ಫಿತ್ರಾದ ಲೆಕ್ಕ ಹಾಕುವಾಗ ಮನೆಯ ಪ್ರತಿ ತಲೆಯನ್ನೂ ಎಣಿಸುತ್ತೇವೆ, ತೊಟ್ಟಿಲಿನ ಹೆಣ್ಣುಕೂಸನ್ನೂ ಬಿಡುವುದಿಲ್ಲ. ಬಡವರ ಹಕ್ಕನ್ನು ಕೊಡುವಾಗ ಅವಳ ತಲೆ ಲೆಕ್ಕಕ್ಕಿದೆ; ನಮಾಜಿನ ಸಾಲು ಕಟ್ಟುವಾಗ ಇಲ್ಲ.

ಊರಿನಲ್ಲಿ ಒಂದು ಈದ್ಗಾದ ಜವಾಬ್ದಾರಿ ಹೊತ್ತವರೊಬ್ಬರನ್ನು ಆ ಹಬ್ಬದ ಮರುದಿನ ನನ್ನ ತಮ್ಮನ ಜೊತೆ ಹೋಗಿ ಕಂಡೆ. ಅವರು ಸಭ್ಯರು. ಕೂರಿಸಿ, ಸುರ್‌ಕುಂಬಾ ಕೊಟ್ಟು ಮಾತಾಡಿದರು. ಅವರು ಹೇಳಿದ್ದು ಧರ್ಮದ ಮಾತಿಗಿಂತ ಹೆಚ್ಚಾಗಿ ಜಾಗದ ಮಾತು. ಗಂಡಸರಿಗೇ ಬಯಲು ಸಾಲುವುದಿಲ್ಲ, ಸಾಲುಗಳು ರಸ್ತೆಗೆ ಬರುತ್ತವೆ, ಹೆಂಗಸರಿಗೆ ಶೌಚಾಲಯವಿಲ್ಲ, ನೀರಿಲ್ಲ, ಒಂಬತ್ತರ ಬಿಸಿಲಿಗೆ ಯಾರಾದರೂ ತಲೆತಿರುಗಿ ಬಿದ್ದರೆ ಯಾರು ಹೊಣೆ ಎಂದರು. ರಾಯಚೂರಿನ ಬಿಸಿಲು ನನಗೂ ಗೊತ್ತು. ಆದರೆ ಒಂಬತ್ತು ಗಂಟೆಯನ್ನು ಇಟ್ಟವರು ಯಾರು? ಶಾರ್ಜಾದಲ್ಲಿ ಸೂರ್ಯ ಹುಟ್ಟಿ ಸ್ವಲ್ಪ ಮೇಲೇರುತ್ತಿದ್ದಂತೆ ನಮಾಜ್ ಆಗಿಹೋಗುತ್ತದೆ. ಆ 2025ರ ಮಾರ್ಚ್‌ನಲ್ಲಿ ಆರೂವರೆಯ ಆಸುಪಾಸಿನಲ್ಲೇ ನಡೆದಿತ್ತು. ನಮ್ಮಲ್ಲಿ ತಡ ಮಾಡುವುದು ದೂರದವರು ಬಂದು ಸೇರಲಿ ಎಂದು, ಫಿತ್ರಾ ಕೊಡದವರು ಕೊಟ್ಟು ಬರಲಿ ಎಂದು. ಒಳ್ಳೆಯ ಉದ್ದೇಶವೇ. ಆ ತಡದ ಬಿಸಿಲನ್ನೇ ಹೆಂಗಸರನ್ನು ಬೇಡವೆನ್ನಲು ಕಾರಣವಾಗಿ ತೋರಿಸುವುದು ಮಾತ್ರ ಸರಿಯಲ್ಲ. ಶೌಚಾಲಯವಿಲ್ಲ ಎಂಬುದು ಹೆಂಗಸರು ಬರಬಾರದೆನ್ನಲು ಕಾರಣವಲ್ಲ, ಅವರು ಬರಬಹುದೆಂದು ಯಾರೂ ಯೋಚಿಸಿಯೇ ಇಲ್ಲ ಎಂಬುದಕ್ಕೆ ಸಾಕ್ಷಿ.

ಮನೆಗೆ ಬಂದು ಅಮ್ಮಿಗೆ ಇದೆಲ್ಲ ಹೇಳಿದೆ. ಅವರು ನನ್ನ ಪಕ್ಷ ವಹಿಸುತ್ತಾರೆ ಎಂದುಕೊಂಡಿದ್ದೆ. ಅವರು ಬಟ್ಟಲು ಒರೆಸುತ್ತ, ಎಲ್ಲರೂ ಅಲ್ಲಿಗೇ ಹೋದರೆ ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳುವವರು ಯಾರು ಎಂದರು. ಆ ಗಳಿಗೆಯಲ್ಲಿ ನನಗೆ ಸಿಟ್ಟೇ ಬಂತು. ಶಾರ್ಜಾಕ್ಕೆ ಮರಳಿದ ಮೇಲೆ, ಆ ಮಾತನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ ಎಂದು ಒಪ್ಪಬೇಕಾಗಿದೆ.

ಏಕೆಂದರೆ ಶಾರ್ಜಾದ ನಮ್ಮ ಹಬ್ಬ ಏಳು ಗಂಟೆಗೇ ಮುಗಿಯುತ್ತದೆ. ಅಪ್ಪಿಕೊಂಡ ಹೆಂಗಸರು ತಂತಮ್ಮ ಕಾರು ಹತ್ತಿ ಹೋಗುತ್ತಾರೆ, ಅವರ ಹೆಸರೂ ನನಗೆ ಗೊತ್ತಿರುವುದಿಲ್ಲ. ನಾವು ಬೀಗ ತೆಗೆದು ಒಳಬರುವುದು ತಣ್ಣಗಿನ ಒಲೆಯ ಮನೆಗೆ. ಚಹಾ ಕುಡಿದು ಮಲಗಿದರೆ ಎದ್ದೇಳುವುದು ಮಧ್ಯಾಹ್ನಕ್ಕೆ. ಬಿರಿಯಾನಿ ಹೋಟೆಲಿನಿಂದ ಬರುತ್ತದೆ. ನಾನು ಮಾಡಿದ ಸುರ್‌ಕುಂಬಾವನ್ನು ಕೊಡಲು ಎರಡೋ ಮೂರೋ ಬಾಗಿಲುಗಳಿವೆ. ರಾಯಚೂರಿನಲ್ಲಿ ಆ ಸೋಮವಾರ ಬೆಳಗಿನಿಂದ ಕತ್ತಲಾಗುವ ತನಕ ಬಟ್ಟಲುಗಳು ಓಡಾಡಿದವು. ಹೋಳಿಗೆ ಬಂದ ಡಬ್ಬಿ ತುಂಬಿ ಹಿಂದಿರುಗಿತು, ನನಗೆ ಏಳನೆಯ ತರಗತಿಯಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು ಕೋಲೂರಿಕೊಂಡು ಬಂದು ಕುಳಿತು ಎರಡು ಬಟ್ಟಲು ಕುಡಿದು, ನನ್ನ ಮಗಳ ಕೈಗೆ ನೂರು ರೂಪಾಯಿ ಈದಿ ಇಟ್ಟರು. ಅಬ್ಬಾನ ಜೊತೆ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದವರು, ತಮ್ಮನ ಗೆಳೆಯರು, ಹಾಲು ಹಾಕುವವನು, ಎಲ್ಲರೂ ಬಂದರು. ಅಷ್ಟು ಜನಕ್ಕೆ ಬಾಗಿಲು ತೆರೆದಿಟ್ಟದ್ದು ಹಿಂದಿನ ರಾತ್ರಿ ನಿದ್ದೆಗೆಟ್ಟ ಹೆಂಗಸರು. ಊರಿನ ಹಬ್ಬ ಊರಿನದಾಗುವುದು ಈದ್ಗಾದಲ್ಲಲ್ಲ, ಅವರ ಅಂಗಳದಲ್ಲಿ.

ಶಾರ್ಜಾದ ಆ ಬಯಲಿನಲ್ಲಿ ನನಗೆ ಜಾಗ ಸಿಕ್ಕಿದ್ದು ನನ್ನ ಹೋರಾಟದಿಂದಲೂ ಅಲ್ಲ. ಹಿಂದಿನ ರಾತ್ರಿ ಅಲ್ಲಿ ಜಮಖಾನೆ ಹಾಸಿ ಮರೆ ಕಟ್ಟುವವರು ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟು ದುಡಿಯಲು ಬಂದವರು. ನಮ್ಮ ಗುಲ್ಬರ್ಗಾ ಕಡೆಯ ಒಬ್ಬಾತ ನಮಾಜ್ ಮುಗಿದ ಮೇಲೆ ಬೇಲಿಗೆ ಒರಗಿ ನಿಂತು, ಮೊಬೈಲಿನಲ್ಲಿ ಊರಿನ ಹೆಂಡತಿಯ ಜೊತೆ ಮಾತಾಡುತ್ತ, ಅಲ್ಲಿನ್ನೂ ಚಂದ್ರ ನೋಡಿಲ್ಲ, ನಿಮ್ಮ ಹಬ್ಬ ನಾಳೆ ಎಂದು ಹೇಳುತ್ತಿದ್ದುದನ್ನು ಒಂದು ವರ್ಷ ಕೇಳಿದ್ದೇನೆ. ಆ ಹೆಂಡತಿಗೆ ಈದ್ಗಾವೂ ಇಲ್ಲ, ಗಂಡನೂ ಇಲ್ಲ. ಅಂಥವರ ಮನೆಗೆ ಹಬ್ಬ ಇರುವುದು ಚಾಂದ್ ರಾತ್‌ನ ಆ ತಾಟಿನ ಸುತ್ತ ಮಾತ್ರ. ಇದನ್ನೆಲ್ಲ ನೋಡಿಯೂ ನಮ್ಮ ಊರಿನ ರೀತಿಯಲ್ಲಿ ಏನೂ ಇಲ್ಲವೆಂದರೆ ಅದು ಅನ್ಯಾಯವಾದೀತು.

ಅಷ್ಟು ಒಪ್ಪಿದ ಮೇಲೂ ನನ್ನ ಮಗಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬಾಗಿಲಲ್ಲಿ ಎದುರುಗೊಳ್ಳುವ ಕೆಲಸವನ್ನು ಎಲ್ಲರೂ ಒಟ್ಟಿಗೆ ಹೋಗಿ ಬಂದು, ಎಲ್ಲರೂ ಒಟ್ಟಿಗೆ ಮಾಡಬಹುದು. ಗಂಡಸರು ಅಡಕೊತ್ತು ಹಿಡಿಯಬಹುದು, ಹಾಲಿಗೆ ಕೈಯಾಡಿಸಬಹುದು. ಶಾರ್ಜಾದಲ್ಲಿ ನಮ್ಮ ಮನೆಯವರು ಮಾಡುತ್ತಾರೆ. ಚಾಂದ್ ರಾತ್‌ನ ದುಡಿಮೆಯೇ ಅಡ್ಡಿಯೆಂದಾದರೆ ಶುರು ಮಾಡಲು ಬಕ್ರೀದ್ ಸುಲಭ. ಆ ಹಬ್ಬದಲ್ಲಿ ನಮಾಜಿಗೆ ಮುಂಚೆ ಏನೂ ತಿನ್ನದಿರುವುದು ಸುನ್ನತ್, ಜಮಾತನ್ನು ರಂಜಾನ್ ಈದ್‌ಗಿಂತ ಬೇಗ ನಿಲ್ಲಿಸುವುದೂ ಸುನ್ನತ್. ಕುರ್ಬಾನಿ ನಡೆಯುವುದು ನಮಾಜ್ ಆದ ಮೇಲೆ, ಮನೆಗೆ ಮಾಂಸ ಬರುವುದು ಅದಕ್ಕೂ ಆಮೇಲೆ. ಅಂದು ಬೆಳಿಗ್ಗೆ ಒಲೆ ಯಾರನ್ನೂ ಕಾಯುವುದಿಲ್ಲ, ಅಮ್ಮಿಯನ್ನೂ ಕಾಯುವುದಿಲ್ಲ. ಬಿಸಿಲೂ ಏರಿರುವುದಿಲ್ಲ. ಬೇಕಾದದ್ದು ಬಯಲಿನ ಒಂದು ಮೂಲೆ, ಒಂದು ಶಾಮಿಯಾನ, ಎರಡು ಪರದೆ, ನೀರಿನ ಒಂದು ಟ್ಯಾಂಕರ್, ಹೆಂಗಸರಿಗೆ ಬೇರೆ ದಾರಿ. ನನ್ನ ತಮ್ಮ ಇದನ್ನು ಬರೆದುಕೊಂಡು ಹೋಗಿ ಕಮಿಟಿಯವರ ಮುಂದೆ ಇಟ್ಟಿದ್ದಾನೆ. ಅವರು ಆಗುವುದಿಲ್ಲ ಎನ್ನಲಿಲ್ಲ. ಶಾಮಿಯಾನದ ಬಾಡಿಗೆ ಯಾರು ಕೊಡುತ್ತಾರೆಂದು ಕೇಳಿದ್ದಾರೆ. ನಾವು ಕೊಡುತ್ತೇವೆಂದು ಹೇಳಿ ಕಳಿಸಿದ್ದೇನೆ.